ಕೋಡೂ ಬರೆಯಲ್ಲ, ಡಿಸೈನೂ ಮಾಡಲ್ಲ, ಮತ್ತೆ ದಿನವಿಡೀ ಮಾಡೋದೇನು?

ಈ ಪ್ರಶ್ನೆ ನನಗೆ ಎಲ್ಲ ಕಡೆಯಿಂದಲೂ ಬರುತ್ತದೆ. ನೆಂಟರು ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ, ಒಮ್ಮೆ ನಮ್ಮ ಟೀಮಿನವರೇ ಒಬ್ಬರು ಊಟದ ಹೊತ್ತಲ್ಲಿ ನಗುತ್ತಾ ಕೇಳಿಬಿಟ್ಟರು. "ಬೇಜಾರು ಮಾಡ್ಕೋಬೇಡಿ ಸರ್, ಪ್ರಾಜೆಕ್ಟ್ ಮ್ಯಾನೇಜರ್ ಅಂದ್ರೆ ನಿಜವಾಗ್ಲೂ ಮಾಡೋದೇನು?" ಮೊದಮೊದಲು ಸಿಟ್ಟು ಬರುತ್ತಿತ್ತು. ಪ್ಲಾನ್, ಬಜೆಟ್, ಶೆಡ್ಯೂಲ್, ರಿಸ್ಕ್ ಅಂತ ಪಟ್ಟಿ ಒಪ್ಪಿಸುತ್ತಿದ್ದೆ. ಕೇಳಿದವರು ತಲೆಯಾಡಿಸಿ ಮಾತು ಬದಲಿಸುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಅದು ಉತ್ತರ ಅಂತ ನನಗೇ ಅನಿಸುತ್ತಿರಲಿಲ್ಲ.

ಈಗ ಒಂದೇ ಮಾತು ಹೇಳುತ್ತೇನೆ. ಕೆಟ್ಟ ಸುದ್ದಿಯನ್ನು ಬೇಗ ತರಿಸಿಕೊಳ್ಳುವುದು ನನ್ನ ಕೆಲಸ. ಹದಿನೈದನೇ ತಾರೀಕು ಮುಗಿಯಬೇಕಾದ್ದು ಮುಗಿಯಲ್ಲ ಅಂತ ಒಂದನೇ ತಾರೀಕೇ ಗೊತ್ತಾದರೆ ಏನಾದರೂ ಮಾಡಬಹುದು. ಯಾವುದನ್ನೋ ಬಿಡಬಹುದು, ಯಾರನ್ನೋ ಆ ಕಡೆ ಹಾಕಬಹುದು, ಕ್ಲೈಂಟ್‌ಗೆ ಮೊದಲೇ ಹೇಳಿ ದಿನ ಮುಂದೂಡಬಹುದು. ಹದಿನಾಲ್ಕನೇ ತಾರೀಕು ರಾತ್ರಿ ಗೊತ್ತಾದರೆ ಉಳಿಯುವುದು ಕ್ಷಮೆ ಕೇಳುವ ಕೆಲಸ ಮಾತ್ರ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಒಂದು ಪ್ರಾಜೆಕ್ಟಿನಲ್ಲಿ ಪೇಮೆಂಟ್ ಭಾಗ ನೋಡಿಕೊಳ್ಳುತ್ತಿದ್ದ ಹುಡುಗ ಮೂರು ವಾರ, ದಿನಾ ಬೆಳಗ್ಗೆ ಸ್ಟ್ಯಾಂಡಪ್ ಅನ್ನುವ ಪುಟ್ಟ ಮೀಟಿಂಗಿನಲ್ಲಿ "ಆಲ್ಮೋಸ್ಟ್ ಆಗೋಯ್ತು ಸರ್" ಅನ್ನುತ್ತಿದ್ದ. ನಾನು ಎಕ್ಸೆಲ್ ಶೀಟಿನಲ್ಲಿ ಶೇ. 80, ಆಮೇಲೆ ಶೇ. 90, ಆಮೇಲೆ ಶೇ. 95 ಅಂತ ತುಂಬಿಸುತ್ತಾ ಹೋದೆ. ಮೇಲಿನವರಿಗೆ ಎಲ್ಲ ಸರಿಯಿದೆ ಅನ್ನುವ ಹಸಿರು ಬಣ್ಣದ ರಿಪೋರ್ಟ್ ಕಳಿಸಿದೆ. ನಾಲ್ಕನೇ ವಾರ "ಎಲ್ಲಿ, ಸ್ವಲ್ಪ ಓಡಿಸಿ ತೋರಿಸು" ಅಂದಾಗ ಅವನ ಮುಖ ಬಾಡಿತು. ಇನ್ನೊಂದು ಕಂಪನಿಯಿಂದ ಬರಬೇಕಾದ ಆಕ್ಸೆಸ್, ಅಂದರೆ ಅವರ ಸಿಸ್ಟಮ್ ಬಳಸುವ ಅನುಮತಿ, ಬಂದೇ ಇರಲಿಲ್ಲ. ಒಂದು ಮೇಲ್ ಹಾಕಿ ಕಾಯುತ್ತಾ ಕೂತಿದ್ದ. ನಾನು ಮೊದಲ ವಾರವೇ ಒಂದು ಫೋನ್ ಮಾಡಿದ್ದರೆ ಎರಡು ದಿನದ ಕೆಲಸ ಅದು.

ಅವನನ್ನು ಬೈಯಬೇಕು ಅನಿಸಿತು. ಆಮೇಲೆ ಒಬ್ಬನೇ ಕೂತು ಯೋಚಿಸಿದಾಗ ನೆನಪಾಯಿತು, ಅದಕ್ಕೂ ಒಂದು ತಿಂಗಳ ಹಿಂದೆ ಬೇರೊಬ್ಬಳು "ಇದು ಲೇಟಾಗುತ್ತೆ" ಅಂದಿದ್ದಕ್ಕೆ ಎಲ್ಲರೆದುರು ನಾನು ಏನು ಹೇಳಿದ್ದೆ ಅಂತ. "ಇದನ್ನ ಈಗ ಹೇಳ್ತಿದ್ದೀಯಾ?" ಇಷ್ಟೇ. ದನಿ ಸ್ವಲ್ಪ ಜೋರಾಗಿತ್ತು. ಆ ಹುಡುಗ ಅದೇ ಮೀಟಿಂಗಿನಲ್ಲಿದ್ದ. ಅಂದರೆ ಆ ಮೂರು ವಾರದ "ಆಲ್ಮೋಸ್ಟ್" ಕಲಿಸಿದ್ದು ನಾನೇ ಅಲ್ವಾ?

ಹೊರಗೆ ಹಸಿರು, ಒಳಗೆ ಕೆಂಪು. ಇಂಥ ರಿಪೋರ್ಟಿಗೆ ನಮ್ಮ ಕ್ಷೇತ್ರದವರು ಕಲ್ಲಂಗಡಿ ಅನ್ನುತ್ತಾರೆ. ಸುಳ್ಳು ಹೇಳಬೇಕು ಅಂತ ಯಾರೂ ಬರುವುದಿಲ್ಲ. ತಂಡದವನು "ನಾಳೆ ಸರಿಹೋಗುತ್ತೆ" ಅಂದುಕೊಂಡು ಸ್ವಲ್ಪ ಚೆನ್ನಾಗಿ ಹೇಳುತ್ತಾನೆ, ಲೀಡ್ ಅದಕ್ಕೆ ಇನ್ನೊಂಚೂರು ಹೊಳಪು ಕೊಡುತ್ತಾನೆ, ನನ್ನ ಹತ್ತಿರ ಬರುವಷ್ಟರಲ್ಲಿ ಎಲ್ಲ ಸೊಗಸು. ಈಗ ನಾನು ಪರ್ಸೆಂಟ್ ಕೇಳುವುದನ್ನೇ ಬಿಟ್ಟಿದ್ದೇನೆ. ಮುಗಿದಿದೆಯಾ, ಇಲ್ಲವಾ, ಮುಗಿದಿದ್ದರೆ ತೋರಿಸಿ. ಶೇ. 90 ಅನ್ನೋದೇ ಒಂದು ಮಾಯೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಟಾಮ್ ಕಾರ್ಗಿಲ್ ಅವರ ತಮಾಷೆಯೊಂದಿದೆ: ಕೋಡಿನ ಮೊದಲ ಶೇ. 90 ಭಾಗ ಶೇ. 90ರಷ್ಟು ಸಮಯ ತಿನ್ನುತ್ತದೆ, ಉಳಿದ ಶೇ. 10 ಭಾಗ ಇನ್ನೊಂದು ಶೇ. 90ರಷ್ಟನ್ನು ತಿನ್ನುತ್ತದೆ. ಮೊದಲ ಸಲ ಕೇಳಿದಾಗ ನಕ್ಕಿದ್ದೆ.

ಸುದ್ದಿ ಇದ್ದೂ ತಲುಪದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಹೊಸಬರಿಗೆ ನಾಸಾದ ಕತೆ ಹೇಳುತ್ತೇನೆ. ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ನೌಕೆ 1998ರ ಡಿಸೆಂಬರ್‌ನಲ್ಲಿ ಹೊರಟು 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ನೌಕೆಯ ತಳ್ಳುಬಲದ ಲೆಕ್ಕವನ್ನು ಪೌಂಡ್‌ನಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದು ನ್ಯೂಟನ್ ಅಂತಲೇ ಓದಿಕೊಳ್ಳುತ್ತಿತ್ತು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಈ ಯೂನಿಟ್ಟಿನ ಕತೆ ಎಲ್ಲರಿಗೂ ಗೊತ್ತು. ಜಾಸ್ತಿ ಜನ ಗಮನಿಸದ್ದು ಏನೆಂದರೆ, ದಾರಿಯಲ್ಲೇ ಏನೋ ಸರಿಯಿಲ್ಲ ಅಂತ ಕೆಲವರಿಗೆ ಅನುಮಾನ ಬಂದಿತ್ತು, ಮೇಲ್‌ನಲ್ಲಿ ಮಾತಾಡಿಕೊಂಡೂ ಇದ್ದರು. ಆದರೆ ಸಮಸ್ಯೆಗಳನ್ನು ಬರೆದಿಟ್ಟು ಬೆನ್ನುಹತ್ತುವ ವ್ಯವಸ್ಥೆಗೆ ಅದು ಸರಿಯಾಗಿ ಹೋಗಲಿಲ್ಲ. ಅದಕ್ಕೇ ನಾನು ಮೀಟಿಂಗ್ ಮುಗಿದ ಹತ್ತು ನಿಮಿಷದಲ್ಲಿ ಮೂರು ಸಾಲು ಬರೆದು ಎಲ್ಲರಿಗೂ ಕಳಿಸುತ್ತೇನೆ. ಯಾರು, ಏನು, ಯಾವತ್ತಿಗೆ. "ಅದೆಲ್ಲ ಗೊತ್ತಲ್ಲ, ಸುಮ್ನೆ ಯಾಕೆ ಬರೀತೀರಾ" ಅನ್ನುವವರು ಇದ್ದೇ ಇರುತ್ತಾರೆ. ಎರಡು ವಾರ ಬಿಟ್ಟು ಅದೇ ಮೇಲ್ ಹುಡುಕುವವರೂ ಅವರೇ.

ಇನ್ನು ಅಂದಾಜಿನ ವಿಷಯ. "ಎಷ್ಟು ದಿನ ಬೇಕು?" ಅಂತ ಕೇಳಿದರೆ ಸಿಗುವುದು ಆಸೆ, ಅಂದಾಜಲ್ಲ. 1994ರಲ್ಲಿ ಮನಃಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿಗಳನ್ನು ಕೇಳಿದರು, ನಿಮ್ಮ ಥೀಸಿಸ್ ಎಷ್ಟು ದಿನದಲ್ಲಿ ಮುಗಿಯುತ್ತೆ ಅಂತ. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಅಂದಾಗ 48.6. ನಿಜಕ್ಕೂ ಹಿಡಿದದ್ದು 55.5 ದಿನ. ಅಂದರೆ ಕೆಟ್ಟದ್ದನ್ನೇ ಊಹಿಸಿಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ! ನಮ್ಮ ತಂಡದವರು ಬೇರೆಯವರಾ?

ಅದಕ್ಕೆ ಎರಡು ಕೆಲಸ ಮಾಡುತ್ತೇನೆ. ಒಂದು, ಹೋದ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಅಂತ ಹಳೇ ದಾಖಲೆ ತೆಗೆದು ನೋಡುತ್ತೇನೆ. ಎರಡು, ಒಂದು ಸಂಖ್ಯೆಯ ಬದಲು ಮೂರು ಕೇಳುತ್ತೇನೆ. ಎಲ್ಲ ಸಲೀಸಾಗಿ ಆದರೆ, ಸಾಮಾನ್ಯವಾಗಿ ಆದರೆ, ಎಲ್ಲ ಕೆಟ್ಟರೆ. ಇದು 1958ರ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಮಾಡಿಕೊಂಡ ಪರ್ಟ್ ಅನ್ನುವ ಲೆಕ್ಕ. ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸುವುದು. 4, 6, 14 ಅಂದರೆ 7 ದಿನ ಬರುತ್ತದೆ. ಆದರೆ ನಿಜ ಹೇಳುತ್ತೇನೆ, ನನಗೆ ಆ 7 ಅಷ್ಟೇನೂ ಮುಖ್ಯ ಅಲ್ಲ. "14 ಯಾಕೆ ಅಂದ್ರಿ?" ಅಂತ ಕೇಳಿದಾಗ ಬಾಯಿ ಬಿಡುತ್ತಾರೆ ನೋಡಿ, "ಆ ಹಳೇ ಡೇಟಾಬೇಸ್ ಮುಟ್ಟಬೇಕಾಗುತ್ತೆ, ಅದನ್ನ ಬರೆದವರು ಬಿಟ್ಟು ಹೋಗಿದ್ದಾರೆ" ಅಂತ. ನನಗೆ ಬೇಕಾಗಿದ್ದದ್ದು ಅದು.

ಕೆಲಸ ಹಿಂದೆ ಬಿದ್ದಾಗ ಮೇಲಿನವರು ಪ್ರೀತಿಯಿಂದ ಕೊಡುವ ಕಾಣಿಕೆ ಒಂದಿದೆ: "ನಾಲ್ಕು ಜನ ಜಾಸ್ತಿ ಕೊಡ್ತೀನಿ, ತಾರೀಕು ಮಾತ್ರ ತಪ್ಪಬಾರದು." ಬೇಡ ಅಂದರೆ ಸೊಕ್ಕು ಅಂದುಕೊಳ್ಳುತ್ತಾರೆ. ಐಬಿಎಂನಲ್ಲಿ ಸಿಸ್ಟಮ್/360 ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಲೆಕ್ಕ ಸರಳ. ಆರು ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 15. ನಾಲ್ವರು ಸೇರಿ ಹತ್ತಾದರೆ 45. ಮೇಲೆ ಆ ನಾಲ್ವರಿಗೆ ಕೆಲಸ ಕಲಿಸಬೇಕಾದವರು ಯಾರು? ಈಗಾಗಲೇ ನಿದ್ದೆಗೆಟ್ಟು ಕೂತಿರುವ ಆ ಆರು ಜನರೇ. ನಾನು ಒಮ್ಮೆ ಹೂಂ ಅಂದೆ. ಎರಡು ವಾರ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಈಗ ಜನ ಬೇಡ ಅನ್ನುವುದಿಲ್ಲ, "ಇವರನ್ನ ಟೆಸ್ಟಿಂಗ್‌ಗೂ ಡಾಕ್ಯುಮೆಂಟ್‌ಗೂ ಹಾಕ್ತೀನಿ, ಕೋಡಿನ ಹತ್ರ ಬಿಡಲ್ಲ" ಅನ್ನುತ್ತೇನೆ.

ಅರ್ಧ ದಾರಿಯಲ್ಲಿ ಹೊಸದೇನಾದರೂ ಸೇರಿಸಿ ಅಂತ ಬಂದು "ಒಂದು ಬಟನ್ ಅಷ್ಟೇ ಅಲ್ವಾ" ಅನ್ನುವ ಕ್ಲೈಂಟ್ ಬಗ್ಗೆ ಬೇರೆ ಬರೆಯಬೇಕಾಗಿಲ್ಲ, ಈ ಕೆಲಸದಲ್ಲಿ ಇರುವವರೆಲ್ಲ ಅವರನ್ನು ಕಂಡಿದ್ದೀರಿ. ನಾನು ಇಲ್ಲ ಅನ್ನುವುದನ್ನು ಬಿಟ್ಟೆ. "ಆಯ್ತು, ಇದು ಒಳಗೆ ಬಂದ್ರೆ ಯಾವುದನ್ನ ಹೊರಗೆ ಹಾಕೋಣ?" ಅಂತ ಪಟ್ಟಿ ಮುಂದಿಡುತ್ತೇನೆ. ಅರ್ಧಕ್ಕರ್ಧ ಬಟನ್‌ಗಳು ಅಲ್ಲೇ ಮಾಯವಾಗುತ್ತವೆ.

ಇದೆಲ್ಲ ಕಲಿಯಬಹುದು. ಕಷ್ಟದ್ದು ಬೇರೆ. ತಂಡದಲ್ಲಿ ಯಾರಿಗೂ ನಾನು ಬಾಸ್ ಅಲ್ಲ, ಅವರ ಪ್ರಮೋಷನ್ ನನ್ನ ಕೈಲಿಲ್ಲ, ಆದರೆ ಕೆಲಸ ನಿಂತರೆ ಕೇಳುವುದು ನನ್ನನ್ನೇ. ಅಧಿಕಾರ ಇಲ್ಲದೆ ಕೆಲಸ ಮಾಡಿಸಬೇಕು. ಹಾಗಾಗಿ ದಿನದ ಬಹುಪಾಲು ನಾನು ಒಬ್ಬೊಬ್ಬರ ಪಕ್ಕ ಹೋಗಿ ನಿಲ್ಲುತ್ತೇನೆ. "ಯಾವುದಕ್ಕೆ ಕಾಯ್ತಾ ಇದ್ದೀರಿ?" ಅಂತ ಕೇಳುತ್ತೇನೆ. "ಎಲ್ಲಿಗೆ ಬಂತು?" ಅಂತ ಕೇಳಿದರೆ "ಆಗ್ತಾ ಇದೆ" ಅನ್ನುವ ಉತ್ತರ ಬರುತ್ತದೆ, ಆದರೆ ಯಾವುದಕ್ಕೆ ಕಾಯುತ್ತಿದ್ದೀರಿ ಅಂದರೆ ಯಾರದ್ದೋ ಸಹಿ, ಯಾವುದೋ ಪಾಸ್‌ವರ್ಡ್, ಉತ್ತರ ಬಾರದ ಒಂದು ಮೇಲ್ ಹೊರಗೆ ಬೀಳುತ್ತದೆ, ಅದನ್ನು ಹಿಡಿದುಕೊಂಡು ನಾನು ಇನ್ನೊಬ್ಬರ ಬಾಗಿಲಿಗೆ ಹೋಗುತ್ತೇನೆ. ನೋಡುವವರಿಗೆ ಇದು ಓಡಾಟ, ಹರಟೆ. ಇರಲಿ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: "ನಾನೂ ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕು, ಪಿಎಂಪಿ ಸರ್ಟಿಫಿಕೇಟ್ ತಗೊಳ್ಳಲಾ?" ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗಿರುವ ಒಂದು ಅಂತರರಾಷ್ಟ್ರೀಯ ಪರೀಕ್ಷೆ. ತಗೊಳ್ಳಿ, ತಪ್ಪೇನಿಲ್ಲ, ಮಾತಾಡಲು ಒಂದು ಭಾಷೆ ಸಿಗುತ್ತದೆ. ಆದರೆ ಆ ಪರೀಕ್ಷೆಗೆ ಕೂರಲು ಡಿಗ್ರಿ ಇದ್ದವರಿಂದಲೂ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಕೇಳುತ್ತಾರೆ, ಅದನ್ನು ಮೊದಲು ನೋಡಿಕೊಳ್ಳಿ.

ಆ ಪೇಮೆಂಟ್ ಹುಡುಗನ ಕತೆ ಅರ್ಧಕ್ಕೆ ಬಿಟ್ಟೆ. ಅವನ ಹತ್ತಿರ ನಾನು ತಪ್ಪಾಯ್ತು ಅಂದೆ, ಎಲ್ಲರೆದುರೇ. ಅದರಿಂದ ಮರುದಿನವೇ ಎಲ್ಲ ಸರಿಹೋಗಲಿಲ್ಲ, ಅವನಿಗೆ ನನ್ನ ಮೇಲೆ ನಂಬಿಕೆ ಬರಲು ತಿಂಗಳುಗಳೇ ಬೇಕಾದವು. ಕಳೆದ ವರ್ಷ ಒಂದು ರಾತ್ರಿ ಹತ್ತೂವರೆಗೆ ಅವನಿಂದ ಮೆಸೇಜ್ ಬಂತು. "ಸರ್, ಸೋಮವಾರದ ರಿಲೀಸ್ ಆಗಲ್ಲ. ನಿನ್ನೆವರೆಗೂ ಆಗುತ್ತೆ ಅಂದ್ಕೊಂಡಿದ್ದೆ. ನಾನೇ ತಪ್ಪು ನೋಡಿದ್ದೆ." ಅಂದು ಬುಧವಾರ. ಗುರುವಾರ ಬೆಳಗ್ಗೆ ಕ್ಲೈಂಟ್‌ಗೆ ಹೇಳಿದೆ, ಅವರು ಹತ್ತು ನಿಮಿಷ ಗೊಣಗಿದರು, ರಿಲೀಸ್ ಮುಂದಿನ ವಾರದ ಶುಕ್ರವಾರಕ್ಕೆ ಹೋಯಿತು.