ಗಾದೆಯ ಕೊನೆಯಲ್ಲೊಂದು 'ಅಂತೆ'

ನಮ್ಮಮ್ಮನಿಗೆ ಕೋಪ ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಪಾತ್ರೆಗಳಿಗೆ. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಚೊಂಬು ಕುಕ್ಕುವುದು, ಸೌಟು ಎಸೆಯುವುದು, ಅಷ್ಟೇ. ತಿಪಟೂರಿನ ಹತ್ತಿರದ ನಮ್ಮೂರ ಮನೆಯಲ್ಲಿ ಅಡುಗೆಮನೆಗೆ ಬಾಗಿಲೇ ಇರಲಿಲ್ಲ, ಹಾಗಾಗಿ ಸದ್ದೆಲ್ಲ ಸೀದಾ ಅಜ್ಜಿಯ ಕಿವಿಗೆ ಬೀಳುತ್ತಿತ್ತು. ಒಂದು ದಿನ ಅಜ್ಜಿ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಹುರುಳಿಕಾಳಿನ ಕಲ್ಲು ಆರಿಸುತ್ತಾ ಕೂತಿದ್ದರು. ಒಳಗೆ ತಟ್ಟೆ ಠಣ್ ಅಂತ ಬಿತ್ತು. ಅಜ್ಜಿ ತಲೆ ಎತ್ತಲಿಲ್ಲ, ಬೆರಳು ಕಾಳಿನ ಮೇಲೇ ಓಡಾಡುತ್ತಿತ್ತು. "ಅತ್ತೆ ಮೇಲಿನ ಕೋಪಾನ ಕೊತ್ತಿ ಮೇಲೆ ತೀರಿಸ್ಕೊಂಡ್ಳಂತೆ" ಅಂದರು, ಮೊರಕ್ಕೆ ಹೇಳೋ ಹಾಗೆ. ಸ್ವಲ್ಪ ಹೊತ್ತು ಒಳಗಿನಿಂದ ಸದ್ದೇ ಇಲ್ಲ. ಆಮೇಲೆ ಅಮ್ಮನ ದನಿ ಬಂತು: "ಮನೇಲಿ ಕೊತ್ತಿ ಇಲ್ವಲ್ಲತ್ತೆ, ಅದಕ್ಕೇ ತಟ್ಟೆ." ಇಬ್ಬರೂ ನಕ್ಕರು. ಜಗಳ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಅದು ಅಲ್ಲಿಗೆ ಮುಗಿಯಿತು.

ಆ ಗಾದೆಯ ಬೆಲೆಯೆಲ್ಲ ಇರುವುದು ಕೊನೆಯ 'ಅಂತೆ'ಯಲ್ಲಿ ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. ಅಜ್ಜಿ "ಯಾಕಮ್ಮ ಪಾತ್ರೆ ಕುಕ್ತೀಯಾ" ಅಂದಿದ್ದರೆ ಅವತ್ತು ಮನೆಯಲ್ಲಿ ದೊಡ್ಡ ರಾಮಾಯಣವೇ ಆಗುತ್ತಿತ್ತು. ಅದರ ಬದಲು ಯಾವುದೋ ಊರಿನ, ಯಾವುದೋ ಕಾಲದ ಒಬ್ಬ ಸೊಸೆಯ ತಲೆಗೆ ತಪ್ಪನ್ನು ಕಟ್ಟಿದರು. ಅವಳು ಹಾಗೆ ಮಾಡಿದಳಂತೆ, ನಾವು ಕೇಳಿದ್ದೇವೆ, ಅಷ್ಟೇ. ಹೇಳಬೇಕಾದ್ದು ಹೇಳಿಯೂ ಆಯಿತು, ಅಮ್ಮನ ಮರ್ಯಾದೆಯೂ ಉಳಿಯಿತು. ನಕ್ಕು ಒಪ್ಪಿಕೊಳ್ಳೋಕೆ ಒಂದು ದಾರಿ ಸಿಕ್ಕಿತು.

ಗಮನಿಸಿ ನೋಡಿ, ನಮ್ಮ ಎಷ್ಟೊಂದು ಗಾದೆಗಳನ್ನು ಹೀಗೇ 'ಅಂತೆ' ಸೇರಿಸಿ ಹೇಳುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಮದುವೆಯಾಗೋ ಗುಂಡಣ್ಣ ಅಂದ್ರೆ ನೀನೇ ನನ್ನ ಹೆಂಡತಿಯಾಗು ಅಂದನಂತೆ. ನನಗೆ ದಿನಾ ಬೇಕಾಗುವುದು "ಇಲಿ ಬಂತು ಅಂದ್ರೆ ಹುಲಿ ಬಂತು ಅಂದನಂತೆ". ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಯಾರೋ ಸಣ್ಣ ಸುದ್ದಿ ಹಾಕುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅದು ಭೂಕಂಪ ಆಗಿರುತ್ತದೆ. ಚಿಕ್ಕಪ್ಪನಿಗೆ "ನೀವು ಸುಳ್ಳು ಸುದ್ದಿ ಹರಡ್ತಿದ್ದೀರಿ" ಅನ್ನೋಕಾಗುತ್ತಾ? ಆಗಲ್ಲ. ಈ ಗಾದೆ ಹಾಕಿದರೆ ಸಾಕು, ಅವರೇ ಅಳಿಸುತ್ತಾರೆ.

ಗಾದೆ ಅನ್ನೋ ಪದ ಬಂದಿದ್ದು ಸಂಸ್ಕೃತದ 'ಗಾಥಾ'ದಿಂದ. ಆದರೆ ಗಾದೆಯೊಳಗೆ ತುಂಬಿರುವುದೆಲ್ಲ ಹಿತ್ತಲು, ಹೊಲ, ಅಡುಗೆಮನೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಆಗಸ್ಟ್ ಎರಡನೇ ಅರ್ಧದಲ್ಲಿ, ಹೊಲದಲ್ಲಿ ರಾಗಿ ಪೈರು ನಿಂತಿರುವಾಗ ಅಜ್ಜಿ ಹೇಳುತ್ತಿದ್ದರು, ಹೇಳುತ್ತಲೇ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತಿತ್ತು.

ನನಗೆ ತುಂಬಾ ಇಷ್ಟವಾದ ಗಾದೆಯಲ್ಲಿ ಮಾತ್ರ 'ಅಂತೆ' ಇಲ್ಲ. ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ಮಧ್ಯೆ ಒಂದು ಬದು. ಬದುವಿನ ಮೇಲೆ ನಮ್ಮದೊಂದು ತೆಂಗಿನ ಮರ, ಸ್ವಲ್ಪ ಆ ಕಡೆಗೆ ವಾಲಿದ್ದು. ಕಾಯಿ ಬಿದ್ದರೆ ಅವರ ಕಡೆ ಬೀಳುತ್ತಿತ್ತು, ಅವರು ಎತ್ತಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ. ಒಂದು ಬೇಸಿಗೆಯಲ್ಲಿ ಕೊಬ್ಬರಿಗೆ ರೇಟು ಚೆನ್ನಾಗಿತ್ತು ಅಂತ ಕಾಣುತ್ತೆ, ದೊಡ್ಡಪ್ಪ ಎಣಿಸೋಕೆ ಶುರು ಮಾಡಿದರು. ಮಾತು ಬೆಳೆದು, ಸರ್ವೆಯವರನ್ನು ಕರೆಸುತ್ತೇನೆ ಅನ್ನೋವರೆಗೆ ಹೋಯಿತು. ರಾತ್ರಿ ಊಟ ಆದಮೇಲೆ ಅಜ್ಜಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಒಂದು ಚೂರನ್ನು ದೊಡ್ಡಪ್ಪನ ಅಂಗೈ ಮೇಲಿಟ್ಟು, "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣಪ್ಪ" ಅಂದರು. ದೊಡ್ಡಪ್ಪ ಆ ಚೂರನ್ನೇ ಸುಮ್ನೆ ನೋಡುತ್ತಾ ಕೂತಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಸರ್ವೆ ಮಾತು ಮತ್ತೆ ಬರಲಿಲ್ಲ. ಆ ಮರದ ಕಾಯಿಯನ್ನು ಪಕ್ಕದವರು ಈಗಲೂ ಎತ್ತಿಕೊಳ್ಳುತ್ತಾರೆ, ಅವರ ಹೊಲದ ಅವರೆಕಾಯಿ ಪ್ರತಿವರ್ಷ ನಮ್ಮ ಮನೆಗೆ ಬರುತ್ತದೆ.

ಹಾಗಂತ ಎಲ್ಲಾ ಗಾದೆಯನ್ನೂ ನಾನು ತಲೆ ಮೇಲೆ ಹೊತ್ತುಕೊಳ್ಳಲ್ಲ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯುವಾಗಲೆಲ್ಲ ಮೊದಲ ಸಾಲಿಗೆ ಹಾಕುತ್ತಿದ್ದೆವು. ಈಗ ಅದನ್ನು ಪೂರ್ತಿ ಒಪ್ಪಲ್ಲ. ಜಾತಿ ಹಿಡಿದು ಹೀಯಾಳಿಸುವ, ಗಂಡ ಸತ್ತವಳನ್ನು, ಕುಂಟರನ್ನು, ಕುರುಡರನ್ನು ಆಡಿಕೊಳ್ಳುವ ಗಾದೆಗಳು ಬೇಕಾದಷ್ಟಿವೆ. ಅವು ನನ್ನ ಬಾಯಲ್ಲಿ ಬರಬಾರದು, ನನ್ನ ಮಕ್ಕಳ ಕಿವಿಗೂ ನನ್ನಿಂದ ಬೀಳಬಾರದು. ಅದೂ ಅಲ್ಲದೆ ಒಂದು ಗಾದೆ "ತಾಳಿದವನು ಬಾಳಿಯಾನು" ಅಂದರೆ ಇನ್ನೊಂದು "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಅನ್ನುತ್ತದೆ. ಎರಡೂ ನಿಜವೇ. ಯಾವಾಗ ಸುಮ್ಮನಿರಬೇಕು, ಯಾವಾಗ ಬಾಯಿ ಬಿಡಬೇಕು ಅನ್ನೋದು ನಮಗೆ ಬಿಟ್ಟಿದ್ದು.

ಇನ್ನೊಂದು ಬೇಜಾರಿದೆ. ಗಾದೆಯ ಅರ್ಧ ಮಾತ್ರ ಉಳಿದುಕೊಳ್ಳುತ್ತಿದೆ. "ಹನಿ ಹನಿಗೂಡಿದರೆ ಹಳ್ಳ" ಎಲ್ಲರಿಗೂ ಗೊತ್ತು. "ತೆನೆ ತೆನೆಗೂಡಿದರೆ ಬಳ್ಳ"? ಬಳ್ಳ ಅಂದರೆ ಕಾಳು ಅಳೆಯುವ ಅಳತೆ ಅಂತ ಮಗನಿಗೆ ನಾನೇ ಹೇಳಬೇಕಾಯಿತು. 1956ರಲ್ಲಿ ಹೊಸ ತೂಕ ಅಳತೆಯ ಕಾನೂನು ಬಂದು ಅಂಗಡಿಗಳಿಗೆ ಕಿಲೋ, ಲೀಟರ್ ಬಂದವು. ಪಾವು, ಸೇರು ಹಾಗೂ ಹೀಗೂ ಬಾಯಲ್ಲಿ ಉಳಿದವು, ಬಳ್ಳ ಹೋಯಿತು. ವಸ್ತು ಹೋದರೆ ಗಾದೆಯ ಆ ಕಾಲೂ ಮುರಿಯುತ್ತದೆ. ಕಿಟೆಲ್ ಅವರು 1894ರ ತಮ್ಮ ನಿಘಂಟಿನಲ್ಲಿ ಎಷ್ಟೋ ಪದಗಳ ಪಕ್ಕದಲ್ಲೇ ಆ ಪದ ಇರುವ ಗಾದೆಯನ್ನೂ ಕೊಟ್ಟಿದ್ದಾರೆ. ಪದ ಹುಡುಕಲು ಹೋಗಿ ಗಾದೆ ಓದುತ್ತಾ ಕೂತುಬಿಡುತ್ತೇನೆ.

ಹೋದ ಭಾನುವಾರ ಮಗ ನನ್ನ ಜೊತೆ ಕೇರಂ ಆಡುತ್ತಿದ್ದ. ಸತತವಾಗಿ ಸೋತ. "ಬೋರ್ಡೇ ಸರಿಯಿಲ್ಲ" ಅಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ಅವನು ಒಳಗೆ ಹೋಗಿ ಒಂದು ಗೋಲಿ ತಂದು ಬೋರ್ಡಿನ ನಡುವೆ ಇಟ್ಟ. ಗೋಲಿ ನಿಧಾನಕ್ಕೆ ಉರುಳಿ ನನ್ನ ಕಡೆಯ ಮೂಲೆಗೆ ಬಂದು ತೂತಿಗೆ ಬಿತ್ತು. ಪೇಪರನ್ನು ನಾಲ್ಕು ಮಡಿಕೆ ಮಡಿಸಿ ಸ್ಟೂಲಿನ ಕಾಲಿಗೆ ಕೊಟ್ಟೆವು, ಮತ್ತೆ ಮೊದಲಿಂದ ಆಡಿದೆವು.