‘ಸ್ಥಳೀಯ ಗಾಯಕರು’ ಅಂದರೆ ಯಾರು?

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲು 57 ಸುರಂಗ ದಾಟುತ್ತದೆ. ಹಾಸನದಲ್ಲಿ ಹತ್ತಿದ ನಾನು ಇಪ್ಪತ್ತರವರೆಗೆ ಎಣಿಸಿ, ಆಮೇಲೆ ಸುಮ್ನೆ ಕಿಟಕಿಗೆ ತಲೆ ಆನಿಸಿ ಕೂತೆ. ಮಂಗಳೂರಿನಲ್ಲಿ ಗೆಳೆಯ ಕಾಯುತ್ತಿದ್ದ. ಆಟೋ ಹತ್ತುವ ಮೊದಲೇ ಕೈಗೆ ಒಂದು ಕರಪತ್ರ ಕೊಟ್ಟ. ‘ಭಾನುವಾರ ಸಂಜೆ ಇದಕ್ಕೆ ಹೋಗುದು, ಆಯ್ತಾ?’ ಅಂದ.

ಹೊರಗಿನಿಂದ ಬಂದ ಐದು ಜನರ ಜಾಝ್ ತಂಡ. ಪಿಯಾನೊ, ಡಬಲ್ ಬೇಸ್, ಡ್ರಮ್ಸ್, ಟ್ರಂಪೆಟ್, ಸ್ಯಾಕ್ಸೊಫೋನ್. ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪ್ಯಾರಾ ಇತ್ತು. ಎಲ್ಲಿ ಕಲಿತರು, ಯಾರ ಜತೆ ನುಡಿಸಿದರು, ಎಷ್ಟು ದೇಶ ಸುತ್ತಿದರು, ಎಲ್ಲ. ಕೊನೆಯ ಸಾಲಿನಲ್ಲಿ ಎರಡೇ ಪದ: ‘ಸ್ಥಳೀಯ ಗಾಯಕರೊಂದಿಗೆ’. ಹೆಸರೂ ಇಲ್ಲ.

ನನಗೆ ಬೇಸರವಾಯಿತು. ಹಾಡುವವರೂ ಎಲ್ಲೋ ಕಲಿತಿರುತ್ತಾರೆ ತಾನೇ? ಯಾರದೋ ಮನೆಯಲ್ಲಿ, ಯಾರದೋ ಕಾಲ ಬುಡದಲ್ಲಿ ಕೂತು ಕಲಿತಿರುತ್ತಾರೆ. ಅದನ್ನು ಕೇಳದೆ ಊರಿಗೆ ವಾಪಸ್ ಹೋಗುವುದಿಲ್ಲ ಅಂತ ಗೆಳೆಯನಿಗೆ ಹೇಳಿದೆ. ಅವನಿಗೆ ಆ ಸಭಾಂಗಣದವರ ಪರಿಚಯ ಇತ್ತು. ಶನಿವಾರ ಬೆಳಿಗ್ಗೆ ಬನ್ಸ್, ಚಹಾ ಮುಗಿಸಿ ಅಭ್ಯಾಸ ನೋಡಲು ಹೋದೆವು.

ಮೂವರು ಹಾಡುಗಾರರು. ಐವತ್ತು ದಾಟಿದ ಒಬ್ಬರು ಟೀಚರ್. ಎಲ್ಲರೂ ‘ಅಂಕಲ್’ ಅಂತ ಕರೆಯುವ, ಎಪ್ಪತ್ತರ ಹತ್ತಿರದ ಒಬ್ಬರು. ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಒಬ್ಬಳು ಹುಡುಗಿ.

ಟೀಚರ್ ಹಾಡುವಾಗ ಒಂದು ಗಮನಿಸಿದೆ. ಅವರು ಪಿಯಾನೊ ಕಡೆ ನೋಡುವುದೇ ಇಲ್ಲ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಗುವುದು ಅವರಿಗೆ ಮೊದಲೇ ಗೊತ್ತಾಗುತ್ತದೆ. ಎಲ್ಲಿ ಕಲಿತಿರಿ ಅಂತ ಕೇಳಿದೆ. ‘ಎಂತ ಕಲಿಯುದು? ಒಂಬತ್ತು ವರ್ಷದಿಂದ ಚರ್ಚ್ ಕ್ವಾಯರ್‌ನಲ್ಲಿ ಆಲ್ಟೊ ಹಾಡುದು. ನಮಗೆ ಟ್ಯೂನ್ ಸಿಗುದೇ ಇಲ್ಲ ಮಾರಾಯ್ರೆ. ಟ್ಯೂನ್ ಎಲ್ಲ ಸೊಪ್ರಾನೊದವರಿಗೆ’ ಅಂದರು. ಒಂಬತ್ತನೇ ವಯಸ್ಸಿನಿಂದ ಅಂತ ಆಮೇಲೆ ಅರ್ಥವಾಯಿತು. ಸೊಪ್ರಾನೊ ಅಂದರೆ ಹೆಂಗಸರ ಮೇಲಿನ ದನಿ, ಆಲ್ಟೊ ಅದರ ಕೆಳಗಿನದು. ‘ನಾಳೆ ಬೆಳಿಗ್ಗೆ ಬಲ್ಮಠದ ನಮ್ಮ ಚರ್ಚಿಗೆ ಬನ್ನಿ, ಕೇಳಿ ನೋಡಿ’ ಅಂತ ಅವರೇ ಕರೆದರು.

ಹೋದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಜತೆ ಬಂದದ್ದು ಅಚ್ಚುಕೂಟ, ಹಂಚು, ಶಾಲೆ ಮಾತ್ರ ಅಲ್ಲ. ನಾಲ್ಕು ದನಿಗಳು ಒಟ್ಟಿಗೆ ಹಾಡುವ ಪದ್ಧತಿಯೂ ಬಂತು. ಜರ್ಮನ್ ಧಾಟಿ, ಕನ್ನಡ ಪದ. ಟೀಚರ್ ಅವರ ಅಜ್ಜಿಯೂ ಅಮ್ಮನೂ ಅದೇ ಆಲ್ಟೊ ಸಾಲಿನಲ್ಲಿ ನಿಂತವರು. ಅವರ ಕೈಲಿದ್ದ ಹಾಡಿನ ಪುಸ್ತಕದ ಬೆನ್ನಿಗೆ ಖಾಕಿ ಬಟ್ಟೆ ಹೊಲಿದಿತ್ತು. ಅದು ಅಮ್ಮನ ಪುಸ್ತಕ. ಕೆಲವು ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣ ಬಾಣದ ಗುರುತು, ಇಲ್ಲಿ ದನಿ ಇಳಿಸಬೇಕು ಅಂತ.

ಮೊದಲ ಹಾಡಿನಲ್ಲಿ ನನಗೆ ಆಲ್ಟೊ ಕೇಳಿಸಲೇ ಇಲ್ಲ. ಎಲ್ಲ ಒಂದೇ ದನಿ. ಎರಡನೆಯದರಲ್ಲಿ ಟೀಚರ್ ಮುಖವನ್ನೇ ನೋಡುತ್ತಾ ಕೂತೆ. ಆಗ ಸಿಕ್ಕಿತು. ಸ, ಗ, ಪ ಒಟ್ಟಿಗೆ ಬಿದ್ದಾಗ ಹೆಚ್ಚಿನ ಸಲ ಮಧ್ಯದ ಗ ಅವರದು. ಆ ಗ ಅರ್ಧ ಮೆಟ್ಟಿಲು ಇಳಿದರೆ ಸಾಕು, ನಗುತ್ತಿದ್ದ ಹಾಡಿನ ಮುಖ ಸಪ್ಪಗಾಗುತ್ತದೆ. ಜಾಝ್‌ನಲ್ಲೂ ಕಾರ್ಡ್‌ನ ಗುರುತು ಇರುವುದು ಹೆಚ್ಚಾಗಿ ಗ ಮತ್ತು ನಿಯಲ್ಲೇ. ನಲವತ್ತು ವರ್ಷ ಆ ಮಧ್ಯದ ಸ್ವರ ಕಾಯ್ದವರಿಗೆ ಪಿಯಾನೊ ನೋಡುವ ಅಗತ್ಯವೇನು? ಅಮೆರಿಕದ ದೊಡ್ಡ ಜಾಝ್ ಗಾಯಕಿ ಸಾರಾ ವಾನ್ ಕೂಡ ನ್ಯೂಅರ್ಕ್‌ನಲ್ಲಿ ಹೀಗೇ ಚರ್ಚ್‌ನಲ್ಲಿ ಹಾಡಿ, ಅಲ್ಲೇ ವಾದ್ಯ ನುಡಿಸಿ ಬೆಳೆದವರು. ಅವರ ಬಗ್ಗೆ ಬರೆಯುವವರು ಆ ಚರ್ಚ್ ಬಿಟ್ಟು ಬರೆಯುವುದಿಲ್ಲ. ಬಲ್ಮಠದ ಈ ಟೀಚರ್‌ಗೂ ಒಂದು ಸಾಲು ಸಲ್ಲಬೇಕಿತ್ತು.

ಅಂಕಲ್ ಕಥೆ ಬೇರೆ. ಮದುವೆ ಮನೆಗಳಲ್ಲಿ ಬೈಲಾ, ಅಂದರೆ ಕೊಂಕಣಿಯ ಕುಣಿತದ ಹಾಡು, ಹಾಡಿ ಹೆಸರಾದವರು. ಅದಕ್ಕೂ ಮೊದಲು ಅವರ ಅಮ್ಮ. ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುಂಚಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ ವೊವಿಯೊ ಎಂಬ ಶಾಸ್ತ್ರದ ಹಾಡು ಹಾಡುತ್ತಾರಲ್ಲ, ಅದನ್ನು ಎತ್ತಿಕೊಡುತ್ತಿದ್ದವರು ಆಕೆ. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿಯುವುದು. ಅಭ್ಯಾಸದಲ್ಲಿ ಅಂಕಲ್ ಒಂದು ಸಾಲು ಹಾಡಿ ಟ್ರಂಪೆಟ್ ಕಡೆ ಗದ್ದ ಎತ್ತುತ್ತಿದ್ದರು. ಟ್ರಂಪೆಟ್‌ನವರು ಹಿಡಿಯುತ್ತಿದ್ದರು. ಯಾರೂ ಹೇಳಿಕೊಡಬೇಕಾಗಲಿಲ್ಲ. 2008ರಲ್ಲಿ ಮಂಗಳೂರಿನ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರು 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಅದರಲ್ಲೂ ಒಂದು ಗುಂಪಿನ ಜತೆ ಹಾಡಿದ್ದರಂತೆ. ‘ನಿದ್ದೆ ಬರ್ಲಿಲ್ವಾ ಅಂಕಲ್?’ ಅಂದೆ. ‘ಹಾಡುವಾಗ ನಿದ್ದೆ ಎಂತದ್ದು?’ ಅಂದರು.

ಹುಡುಗಿಗೆ ಮಾತ್ರ ಶನಿವಾರ ಕಷ್ಟವಾಗಿತ್ತು. ಅವಳು ಕಲಿತಿದ್ದು ಕರ್ನಾಟಕ ಸಂಗೀತ. ಅಜ್ಜ ನಾಗಸ್ವರದವರು. ಅಪ್ಪ ದೇವಸ್ಥಾನದ ಉತ್ಸವಗಳಲ್ಲಿ, ಭೂತಕೋಲಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಾರೆ. ಬಯಲುಸೀಮೆಯವರಿಗೆ ಇದು ಆಶ್ಚರ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ತುಳುನಾಡಿನಲ್ಲಿ ದೇವರ ಬಲಿಯ ಮೆರವಣಿಗೆಯ ಮುಂದೆ ನಡೆಯುತ್ತದೆ! ಇದಕ್ಕೆ ದಾರಿ ಮಾಡಿದವರು ಕದ್ರಿ ಗೋಪಾಲನಾಥ್. 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ, ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಈ ವಾದ್ಯ ಕೇಳಿ ಮನಸ್ಸು ಕೊಟ್ಟರು. ಸ್ವರವನ್ನು ತೂಗಾಡಿಸುವ ಗಮಕ ಒಲಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜತೆ ಆಲ್ಬಮ್ ಕೂಡ ಮಾಡಿದರು. 2019ರಲ್ಲಿ ತೀರಿಕೊಂಡರು. ಹುಡುಗಿಯ ಅಪ್ಪ ನಾಗಸ್ವರದ ಮನೆಯಿಂದ ಸ್ಯಾಕ್ಸೊಫೋನ್‌ಗೆ ಬಂದದ್ದು ಅವರನ್ನು ಕೇಳಿಯೇ.

ಅವಳು ಹಾಡಬೇಕಿದ್ದದ್ದು ಬ್ಲೂಸ್ ಎಂಬ ಅಮೆರಿಕದ ಹಾಡಿನ ಬಗೆಗೆ ಕಲ್ಪನಾಸ್ವರ, ಅಂದರೆ ಅಲ್ಲೇ ಕಟ್ಟಿ ಹಾಡುವ ಸ್ವರ. ರಾಗ ಶುದ್ಧ ಧನ್ಯಾಸಿ. ಬ್ಲೂಸ್‌ನವರು ಹೆಚ್ಚಾಗಿ ಓಡಾಡುವುದು ಇದೇ ಐದು ಸ್ವರಗಳಲ್ಲಿ, ನಡುವೆ ಪ್ರತಿಮಧ್ಯಮವನ್ನು, ಅಂದರೆ ಅರ್ಧ ಮೆಟ್ಟಿಲು ಮೇಲಿನ ಮವನ್ನು, ಚೂರು ತಾಗಿಸುತ್ತಾರೆ ಅಷ್ಟೆ. ಲೆಕ್ಕವೂ ಕೂಡಿಬಂತು. ಬ್ಲೂಸ್‌ನ ಒಂದು ಸುತ್ತಿಗೆ 12 ಬಾರ್, ಒಂದೊಂದು ಬಾರ್‌ಗೆ 4 ಎಣಿಕೆ, ಒಟ್ಟು 48. ಆದಿತಾಳದ ಒಂದು ಆವರ್ತಕ್ಕೆ 8. ಅವಳು ತೊಡೆಯ ಮೇಲೆ ತಾಳ ಹಾಕಿ ‘ಆದಿತಾಳದಲ್ಲಿ ಆರು ಆವರ್ತ’ ಅಂತ ತಕ್ಷಣ ಹೇಳಿದಳು. ಡ್ರಮ್ಸ್‌ನವರು ಕೋಲು ಕೆಳಗಿಟ್ಟು ಅವಳ ಬೆರಳನ್ನೇ ನೋಡಿದರು.

ತೊಂದರೆ ಇದ್ದದ್ದು ಷಡ್ಜದಲ್ಲಿ. ಅವಳ ಸ ತಂಬೂರಿಯ ಸ, ಅಲುಗುವುದಿಲ್ಲ. ಇಲ್ಲಿ ಐದನೇ ಬಾರ್‌ನಲ್ಲಿ ಕಾರ್ಡ್ ಬದಲಾಗುತ್ತದೆ, ಕೆಳಗೆ ಬೇಸ್ ಕೂಡ ಜಾಗ ಬಿಡುತ್ತದೆ. ಮೂರು ಸಲ ಶುರುಮಾಡಿದಳು, ಮೂರು ಸಲವೂ ಅಲ್ಲೇ ನಿಂತಳು. ಕಣ್ಣು ತುಂಬಿತು. ‘ನೆಲ ಹೋದ ಹಾಗೆ ಆಗ್ತದೆ’ ಅಂದಳು. ನನಗೂ ಹೊಟ್ಟೆಯಲ್ಲಿ ಸಂಕಟ.

ಬೇಸ್‌ನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವಳ ಸ ಯಾವುದು ಅಂತ ಹಾಡಿಸಿಕೊಂಡು, ದಪ್ಪ ತಂತಿಯಲ್ಲಿ ಅದನ್ನೇ ಮೀಟತೊಡಗಿದರು. ಮೇಲೆ ಪಿಯಾನೊ ತನ್ನ ಕಾರ್ಡ್ ಬದಲಿಸಿತು. ಬೇಸ್ ಕದಲಲಿಲ್ಲ. ಅವಳು ಕಣ್ಣೊರೆಸಿಕೊಂಡು ಆರು ಆವರ್ತವನ್ನೂ ದಾಟಿ ಸಮಕ್ಕೆ ಬಂದಳು. ಒಂದೇ ಒಂದು ಸಲ ಸರಿಬಂತು. ಇನ್ನೊಮ್ಮೆ ನೋಡುವಷ್ಟು ಹೊತ್ತಿರಲಿಲ್ಲ, ಸಭಾಂಗಣ ಬಿಡಬೇಕಿತ್ತು.

ಭಾನುವಾರ ಸಂಜೆ ಅವಳ ಅಪ್ಪ ಬಂದರು. ಬಿಳಿ ಪಂಚೆ, ಕೈಯಲ್ಲಿ ವಾದ್ಯದ ಪೆಟ್ಟಿಗೆ. ಕೂರಲಿಲ್ಲ, ಹಿಂದಿನ ಬಾಗಿಲ ಹತ್ತಿರವೇ ನಿಂತರು. ನಿರೂಪಕರು ಕರಪತ್ರವನ್ನೇ ಓದಿದರು. ಟೀಚರ್ ಹಾಡಿದರು, ಅಂಕಲ್ ಹಾಡಿ ಸಭೆಯನ್ನೇ ಎಬ್ಬಿಸಿ ಕುಣಿಸಿದರು. ಮಗಳ ಸರದಿ ಕೊನೆಗೆ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಉತ್ಸವ ಇತ್ತು, ಹೋಗಲೇಬೇಕಿತ್ತು.

ನನ್ನ ಬಸ್ಸು ಇದ್ದದ್ದು ರಾತ್ರಿ ಹನ್ನೊಂದಕ್ಕೆ. ಹುಡುಗಿಯನ್ನೂ ಅವಳ ಅಮ್ಮನನ್ನೂ ಗೆಳೆಯನ ಕಾರಿನಲ್ಲಿ ಆ ದೇವಸ್ಥಾನದವರೆಗೆ ಬಿಟ್ಟೆವು. ಚೆಂಡೆಯ ಸುತ್ತು ನಡೆಯುತ್ತಿತ್ತು. ವಾಲಗದವರು ಬದಿಯಲ್ಲಿ ನಿಂತು ತಮ್ಮ ಸುತ್ತಿಗೆ ಕಾಯುತ್ತಿದ್ದರು. ಅಪ್ಪ ರೀಡ್ ಒರೆಸುತ್ತಿದ್ದವರು ನಮ್ಮನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಮಗಳು ದೇವರಿಗೆ ಕೈಮುಗಿಯಲು ಒಳಗೆ ಹೋಗಿದ್ದಳು.

‘ಆ ಬೇಸ್‌ನವರು ಸ ಬಿಟ್ರಾ?’ ಅಂತ ನನ್ನನ್ನು ಕೇಳಿದರು.

‘ಇಲ್ಲ, ಕೊನೆವರೆಗೂ ಬಿಡ್ಲಿಲ್ಲ’ ಅಂದೆ.

ತಲೆಯಾಡಿಸಿ ರೀಡ್ ಸಿಕ್ಕಿಸಿಕೊಂಡರು. ಚೆಂಡೆ ನಿಂತಿತ್ತು.