ಉಪ್ಪಿನ ಮಷೀನು, ಸವಳು ನೀರು, ಬಳ್ಳಾರಿ ಬಿಸಿಲು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಪೂಲ್ ನೀರು ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಗೋಡೆ ಮೇಲಿನ ಮಷೀನಿನಲ್ಲಿ ಹಸಿರು ದೀಪ ಆರಾಮಾಗಿ ಉರಿಯುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಚೀಲಗಟ್ಟಲೆ ಉಪ್ಪು ಸುರಿದೆಯಲ್ಲೋ. ಇಷ್ಟು ಉಪ್ಪು ಹಾಕಿದ ಮೇಲೂ ಬೂಸ್ಟು ಹಿಡಿಯೋದನ್ನ ನಾನು ಇದೇ ಮೊದಲು ನೋಡಿದ್ದು" ಅಂದಳು. ಉಪ್ಪಿನಕಾಯಿ ಹಾಕಿ ಐವತ್ತು ವರ್ಷ ಪಳಗಿದ ಕೈ ಅವಳದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್ ನಡೆಸುತ್ತೇನೆ. ಪ್ಯಾಂಟಿನ ನೀಲಿ ಇಳಿಸೋದಕ್ಕೆ ಹೈಪೋ, ಅಂದರೆ ಕ್ಲೋರಿನ್ ಬ್ಲೀಚ್ ನೀರು, ಬೇಕೇ ಬೇಕು. ಆ ವಾಸನೆ ಅಂಗಿಗೆ ಹತ್ತಿದರೆ ಮನೆವರೆಗೂ ಬರುತ್ತದೆ. ಮನೆಯಲ್ಲಿ ಪೂಲ್ ಕಟ್ಟಿಸಿದಾಗ ಒಂದೇ ಹಟ ಹಿಡಿದಿದ್ದೆ: ಹೈಪೋ ಕ್ಯಾನು ಈ ಗೇಟು ದಾಟಬಾರದು. ಹಾಗಾಗಿ ಉಪ್ಪು ಹಾಕಿ ನೀರು ಶುದ್ಧ ಮಾಡುವ ಮಷೀನು, ಸಾಲ್ಟ್ ಕ್ಲೋರಿನೇಟರ್, ತಗೊಂಡೆ. ಮಾರಿದವರು "ಹಾಕಿ ಮರೆತುಬಿಡಿ ಸರ್" ಅಂದರು. ಹಾಕಿದೆ. ಮರೆತೂ ಬಿಟ್ಟೆ.

ಉಪ್ಪಿನ ಪೂಲ್ ಅಂದರೆ ಕ್ಲೋರಿನ್ ಇಲ್ಲದ ಪೂಲ್ ಅಂತ ಬಂದ ನೆಂಟರೆಲ್ಲ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಸೆಲ್ ಅಂತ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಟೈಟಾನಿಯಂ ತಗಡುಗಳು, ಅವುಗಳ ಮೇಲೆ ರುಥೇನಿಯಂನಂಥ ಲೋಹದ ಆಕ್ಸೈಡಿನ ತೆಳು ಲೇಪ. ಉಪ್ಪು ನೀರು ನಡುವೆ ಹರಿಯುವಾಗ ಕರೆಂಟು ಹಾಯಿಸಿದರೆ ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಹೈಡ್ರೋಜನ್ ಗುಳ್ಳೆ ಮತ್ತು ಕಾಸ್ಟಿಕ್ ಸೋಡಾ. ಕ್ಲೋರಿನ್ನೂ ಕಾಸ್ಟಿಕ್ಕೂ ಅಲ್ಲೇ ಬೆರೆತು ಹೈಪೋ ಆಗುತ್ತದೆ. ಅಂದರೆ ನನ್ನ ಯೂನಿಟ್ಟಿನ ಡ್ರಮ್ಮಿನಲ್ಲಿ ಇರೋದೇ! ಕೊಳೆ ತಿಂದು ಮುಗಿಸಿದ ಮೇಲೆ ಅದು ಮತ್ತೆ ಉಪ್ಪಾಗುತ್ತದೆ. ಹೈಪೋ ಗೇಟು ದಾಟಬಾರದು ಅಂತ ಹೇಳಿ ಹಿತ್ತಲಲ್ಲಿ ಹೈಪೋ ಫ್ಯಾಕ್ಟರಿಯನ್ನೇ ಇಟ್ಟುಕೊಂಡಿದ್ದೆ.

ನಮ್ಮ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ. 40 ಸಾವಿರ ಲೀಟರ್ ನೀರು. ಲೀಟರಿಗೆ ಮೂರು ಗ್ರಾಂ ಚಿಲ್ಲರೆ ಉಪ್ಪು ಬೇಕು. 25 ಕೆಜಿಯ ಐದು ಚೀಲ ಹಿಡಿಯಿತು. ಅಯೋಡಿನ್ ಇಲ್ಲದ, ಶುದ್ಧ ಮಾಡಿದ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಅವ್ವ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು "ಸಪ್ಪೆ" ಅಂತ ತೀರ್ಪು ಕೊಟ್ಟಿದ್ದಳು.

ಹಾಗಿದ್ದರೆ ನೀರು ಹಸಿರಾಗಿದ್ದು ಯಾಕೆ? ಹಸಿರು ದೀಪ ಹೇಳೋದು ಸೆಲ್ಲಿಗೆ ಕರೆಂಟು ಹೋಗುತ್ತಿದೆ ಅಂತ ಮಾತ್ರ. ನೀರಿನಲ್ಲಿ ಕ್ಲೋರಿನ್ ಉಳಿದಿದೆಯಾ ಅಂತ ಅದಕ್ಕೇನು ಗೊತ್ತು? ಪೂಲ್ ತಿಳಿಗೊಳಿಸಿದ ಮೇಲೆ ಒಂದು ದಿನ ಟೆಸ್ಟ್ ಕಿಟ್ ಹಿಡಿದು ಕೂತೆ. ಬೆಳಿಗ್ಗೆ ಆರಕ್ಕೆ ಕ್ಲೋರಿನ್ 3 ಪಿಪಿಎಂ, ಅಂದರೆ ಲೀಟರಿಗೆ 3 ಮಿಲಿಗ್ರಾಂ. ಮಧ್ಯಾಹ್ನ ಊಟದ ಹೊತ್ತಿಗೆ ಬಣ್ಣವೇ ಬರಲಿಲ್ಲ. ಬಿಸಿಲು ಎಲ್ಲವನ್ನೂ ತಿಂದು ಹಾಕಿತ್ತು. ಹಣೆ ಚಚ್ಚಿಕೊಂಡೆ. "ಹೈಪೋ ಡ್ರಮ್ ಬಿಸಿಲಿಗೆ ಇಡಬೇಡ್ರೋ, ಸತ್ವ ಹೋಗುತ್ತೆ" ಅಂತ ಯೂನಿಟ್ಟಿನ ಹುಡುಗರಿಗೆ ದಿನಾ ಬೈಯುವವನು ನಾನೇ ಅಲ್ವಾ!

ಇದಕ್ಕೆ ಮದ್ದು ಸ್ಟೆಬಿಲೈಸರ್, ಅಂದರೆ ಸಯನೂರಿಕ್ ಆಸಿಡ್. ಕ್ಲೋರಿನ್ನಿಗೆ ಬಿಸಿಲಲ್ಲಿ ಕೊಡೆ ಹಿಡಿದ ಹಾಗೆ. ಉಪ್ಪಿನ ಪೂಲಿಗೆ 60ರಿಂದ 80 ಪಿಪಿಎಂ ಇರಬೇಕು. ನಾನು ಎರಡೂವರೆ ಕೆಜಿ ಹಾಕಿದೆ. ಬೇಗ ಕರಗೋದಿಲ್ಲ ಅದು. ಬಟ್ಟೆಯಲ್ಲಿ ಕಟ್ಟಿ ನೀರು ಬರುವ ಬಾಯಿಗೆ ನೇತುಹಾಕಬೇಕು. ಚೆನ್ನಾಗಿ ತೊಳೆದು ಬಿಳುಚಿಕೊಂಡ ಒಂದು ರಿಜೆಕ್ಟ್ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಮಾಡಿದೆ. ನಾಲ್ಕು ದಿನ ಪೂಲಿನಲ್ಲಿ ಒಂಟಿ ಕಾಲು ತೇಲಾಡುತ್ತಿತ್ತು. ಮಕ್ಕಳಿಗೆ ಭಾರಿ ಖುಷಿ.

ಇನ್ನೊಂದು ಕಳ್ಳ ಟೈಮರ್. ಮುಳ್ಳು ತಿರುಗುವ ಹಳೇ ನಮೂನೆಯದು. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವ ನಿಲ್ಲಲಿ ಅಂತ ಇಟ್ಟಿದ್ದೆ. ಕರೆಂಟು ಹೋದಾಗಲೆಲ್ಲ ಅದೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ಎರಡು ವಾರದಲ್ಲಿ ಜಾರಿ ಜಾರಿ ಮಟಮಟ ಮಧ್ಯಾಹ್ನಕ್ಕೆ ಬಂದಿತ್ತು. ಮಾಡಿದ ಕ್ಲೋರಿನ್ ಎಲ್ಲ ನೇರ ಸೂರ್ಯನ ಬಾಯಿಗೆ. ಈಗ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸಿದ್ದೇನೆ.

ಹಸಿರು ತೆಗೆಯೋದಕ್ಕೆ ಏನು ಮಾಡಿದೆ ಅಂತ ಹೇಳಲಿಲ್ಲ ಅಲ್ವಾ? ಯೂನಿಟ್ಟಿನಿಂದಲೇ ಎರಡು ಕ್ಯಾನ್ ಹೈಪೋ ತಂದು ಸಂಜೆ ಹೊತ್ತಲ್ಲಿ ಸುರಿದೆ. ಗೇಟು ದಾಟಿಸಿ.

ಮೇ ತಿಂಗಳಲ್ಲಿ "ಉಪ್ಪು ಕಡಿಮೆ" ಅನ್ನುವ ದೀಪ ಹತ್ತಿತು. ಆರನೇ ಚೀಲ ಹೊತ್ತುಕೊಂಡು ಬಂದೆ. ನಮ್ಮ ಮನೆಯವರು ತಡೆದರು. "ಉಪ್ಪು ಎಲ್ಲಿಗೆ ಹೋಗುತ್ತೆ? ಆವಿಯಾಗೋದು ನೀರು ತಾನೇ?" ಅಂದರು. ಉಪ್ಪು ಅಳೆಯುವ ಪಟ್ಟಿ ಅದ್ದಿ ನೋಡಿದರೆ 3,400 ಪಿಪಿಎಂ, ಅಂದರೆ ಲೀಟರಿಗೆ 3.4 ಗ್ರಾಂ. ಬೇಕಾದಷ್ಟಿತ್ತು. ಸೆಲ್ ಬಿಚ್ಚಿದರೆ ತಗಡಿನ ಮಧ್ಯೆ ಬಿಳಿ ಸುಣ್ಣ ಕಟ್ಟಿ ಕೂತಿತ್ತು, ಸ್ನಾನದ ಮನೆಯ ಗೀಸರಿನ ಕಾಯಿಲಿಗೆ ಕಟ್ಟುವ ಹಾಗೆ. ಕರೆಂಟು ಸರಿಯಾಗಿ ಹರಿಯದೆ ಮಷೀನು ಉಪ್ಪಿಲ್ಲ ಅಂದುಕೊಂಡಿತ್ತು. ತಗಡಿನ ಧನ ಋಣ ಅದಲು ಬದಲು ಮಾಡಿ ಸುಣ್ಣ ಉದುರಿಸುವ ಏರ್ಪಾಡು ಅದರಲ್ಲೇ ಇದೆ. ಆದರೆ ನಮ್ಮ ಬೋರಿನ ಸವಳು ನೀರಿನ ಮುಂದೆ ಅದರ ಆಟ ನಡೆಯಲಿಲ್ಲ.

ನಮ್ಮ ಮನೆಯವರು ಹೇಳಿದ ಮಾತು ತಲೆಯಲ್ಲೇ ಕೂತಿತು. ಬೇಸಿಗೆಯಲ್ಲಿ ಟೈಲ್ಸ್ ಮೇಲೆ ಗುರುತು ಹಾಕಿ ನೋಡಿದ್ದೆ, ವಾರಕ್ಕೆ ಎರಡು ಇಂಚು ನೀರು ಇಳಿಯುತ್ತದೆ. ಸಾವಿರದ ಆರುನೂರು ಲೀಟರ್! ಅಷ್ಟನ್ನೂ ಬೋರ್ ನೀರಿಂದ ತುಂಬಿಸುತ್ತಿದ್ದೆ. ನೀರು ಹಾರಿಹೋಗುತ್ತದೆ, ಅದರೊಳಗಿನ ಸುಣ್ಣ ಉಳಿಯುತ್ತದೆ. ಪ್ರತಿ ವಾರ ಇನ್ನಷ್ಟು. ಸಾರನ್ನು ಬತ್ತಿಸಿದ ಹಾಗೆ. ಈಗ ಮೇಲಿಂದ ತುಂಬಿಸೋದು ತಾರಸಿಯ ಮಳೆ ನೀರು ಇದ್ದರೆ ಅದು, ಇಲ್ಲದಿದ್ದರೆ ನಲ್ಲಿ ನೀರು.

ಪ್ಲಂಬರ್ ಸ್ಕ್ರೂಡ್ರೈವರ್ ತಗೊಂಡು ಸುಣ್ಣ ಕೆರೆಯೋದಕ್ಕೆ ಹೋದ. ಕೈ ಹಿಡಿದುಕೊಂಡೆ. ಲೇಪ ಕಿತ್ತುಬಂದರೆ ಸೆಲ್ ಸತ್ತಂತೆ, ಹೊಸದಕ್ಕೆ ಒಳ್ಳೆ ಹೊಲಿಗೆ ಮಷೀನಿನ ದುಡ್ಡು. ಹತ್ತು ಪಾಲು ನೀರಿಗೆ ಒಂದು ಪಾಲು ಆಸಿಡ್ ಬೆರೆಸಿ ಅದರಲ್ಲಿ ಮುಳುಗಿಸಿದರೆ ಬುಸುಬುಸು ಅಂತ ನೊರೆ ಬರುತ್ತದೆ. ನೊರೆ ನಿಂತರೆ ಸುಣ್ಣ ಹೋಯಿತು ಅಂತ. ಯಾವತ್ತೂ ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಆಸಿಡ್ಡೂ ಹೈಪೋನೂ ಒಂದೇ ಬಕೆಟ್ಟಿಗೆ ಸೇರಲೇಬಾರದು, ವಿಷದ ಗಾಳಿ ಏಳುತ್ತದೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ತಾನಾಗಿಯೇ ಏರುವುದರಿಂದ ವಾರಕ್ಕೊಮ್ಮೆ ಪೂಲಿಗೂ ಸ್ವಲ್ಪ ಆಸಿಡ್ ಬೇಕು. 7.2ರಿಂದ 7.6ರೊಳಗೆ ಇಟ್ಟರೆ ಸುಣ್ಣವೂ ನಿಧಾನ.

ಆ ಬಕೆಟ್ಟನ್ನು ನಾನು ಇಟ್ಟಿದ್ದು ಮಾತ್ರ ಪೂಲ್ ಸುತ್ತ ಹಾಸಿದ ಶಹಾಬಾದ್ ಕಲ್ಲಿನ ಮೇಲೆ. ಅದೂ ಸುಣ್ಣದ ಕಲ್ಲೇ. ತುಳುಕಿದ ಆಸಿಡ್ಡಿಗೆ ಅದೂ ಬುಸುಬುಸು ಅಂತು. ಒಂದು ಮೊರದಷ್ಟು ಅಗಲಕ್ಕೆ ಕಲೆ ಬಿದ್ದಿದೆ. ಅವ್ವ ಅದರ ಮೇಲೆ ತನ್ನ ತುಳಸಿ ಕುಂಡ ತಂದಿಟ್ಟಿದ್ದಾಳೆ. ಪೂಲ್ ನೀರು ಸಿಡಿದು ತುಳಸಿ ಎಲೆ ಕೆಂಪಾದರೆ ಅದಕ್ಕೂ ನಾನೇ ಜವಾಬ್ದಾರಿ ಅಂತೆ.